ಜೋಡಿ ಕಸುಬು

"ಬಾಗಿಲಿಂದಾನೇ ಬರಬಹುದಿತ್ತಲ್ಲ ಅಳಿಯಂದ್ರೆ," ಎಂದರು ಅತ್ತೆ, ಒದ್ದೆ ಬಟ್ಟೆಯೊಂದನ್ನು ಕೊಡವುತ್ತ.

ಅಗ್ನಿಶಾಮಕ ವಾಹನದ ಏಣಿಯ ತುದಿಯನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ, ಅಳಿಯ ತನ್ನದೇ ಮನೆಯ ಮೂರನೇ ಮಹಡಿಯ ಬಾಲ್ಕನಿಯ ಎದುರು ನಿಂತಿದ್ದ. ಹೊಗೆ ಬರುತ್ತಿದ್ದುದು ಅವನ ಬೆನ್ನ ಹಿಂದೆ, ಬೀದಿಯ ಆಚೆ ಬದಿಯ ಕಟ್ಟಡದಿಂದ. ಹೆಲ್ಮೆಟ್ಟು ಜಾರಿ ಒಂದು ಕಣ್ಣನ್ನು ಮುಚ್ಚಿತ್ತು. ಉಳಿದ ಒಂದು ಕಣ್ಣನ್ನು ಅವನೇ ಮುಚ್ಚಿಕೊಂಡಿದ್ದ.

"ಬೆಂಕಿ ಆ ಕಡೆ," ಎಂದರು ಅತ್ತೆ, ದಾರಿ ತಪ್ಪಿದವರಿಗೆ ಹೇಳುವ ಸಹನೆಯಿಂದ.

ಅದು ತನಗೂ ಗೊತ್ತೆಂದು ಅವನು ಏಣಿಗೆ ಹೇಳಿದ.

ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು ತಮ್ಮ ಕಿಟಕಿಯಿಂದ ಕತ್ತು ಹೊರಹಾಕಿ, ನೇರ ಮೇಲಿದ್ದ ಅವನ ಬೂಟುಗಳನ್ನು ಪರಿಶೀಲಿಸಿದರು. ಅಟ್ಟೆ ಸವೆದಿದೆ, ಇಂಥ ಬೂಟು ಹಾಕಿಕೊಂಡು ಎತ್ತರಕ್ಕೆ ಹೋಗಬಾರದು ಎಂದು ಬೀದಿಗೆಲ್ಲ ಕೇಳುವಂತೆ ಅಭಿಪ್ರಾಯಪಟ್ಟರು. ಇಲಾಖೆಯವರು ಈಗ ಬೆಂಕಿ ಬೀಳುವ ಮೊದಲೇ ಜನರನ್ನು ರಕ್ಷಿಸುವ ಕ್ರಮ ಶುರುಮಾಡಿದ್ದಾರೋ ಎಂದು ಕೆಳಗಿನ ಕ್ಷೌರಿಕ ಕೇಳಿದ. ಅರ್ಧ ಕ್ಷೌರವಾಗಿದ್ದ ಗಿರಾಕಿ ಕತ್ತಿನ ಬಟ್ಟೆಯ ಸಮೇತ ಅವನ ಪಕ್ಕದಲ್ಲೇ ನಿಂತಿದ್ದ.

ವಾಹನದ ಹಿಂಬದಿಯಲ್ಲಿ, ಏಣಿಯನ್ನು ಏರಿಸಿ ಇಳಿಸುವ ಹಿಡಿಕೆಗಳ ಮುಂದೆ, ಠಾಣಾಧಿಕಾರಿ ಸಾಹೇಬರು ಖುದ್ದಾಗಿ ನಿಂತಿದ್ದರು. ಹೆದರಬೇಡ, ಇಳಿಸುವ ಹಿಡಿಕೆ ಯಾವುದೆಂದು ಗೊತ್ತಾದ ಕೂಡಲೇ ಇಳಿಸುತ್ತೇವೆ ಎಂದು ಅವರು ಕೂಗಿ ಹೇಳಿದರು. ಅದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ವಾಹನದ ಮುಂಭಾಗದಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದ. ಹನ್ನೊಂದು ವರ್ಷ ಏಣಿ ಹತ್ತಿದ್ದ ಅವನನ್ನು ಠಾಣೆಯಲ್ಲಿ ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಇಳಿದು ಬಾ ಮಾರಾಯ, ಒಂದು ಹಿಡಿಕೆ ಎಳೆದು ಹೋಗು ಎಂದು ಜನ ಅವನನ್ನು ಕೇಳಿಕೊಂಡರು.

"ಇವತ್ತು ನಾನು ಡ್ರೈವರ್ರು," ಎಂದ ಏಣಿ, ರಸ್ತೆಯಿಂದ ಕಣ್ಣು ತೆಗೆಯದೆ. ವಾಹನ ನಿಂತು ಆಗಲೇ ಬಹಳ ಹೊತ್ತಾಗಿತ್ತು. "ಡ್ರೈವರ್ರು ಗಾಡಿ ಬಿಟ್ಟು ಇಳಿಯೋ ಹಾಗಿಲ್ಲ. ರೂಲ್ಸು."

ಮೇಲೆ ಜೋತುಬಿದ್ದಿದ್ದವನು ಆ ವಾಹನದ ನಿಜವಾದ ಡ್ರೈವರು. ಅವನನ್ನು ಅಲ್ಲಿಗೆ ಏರಿಸಿದ್ದು ಶತ್ರುಗಳಲ್ಲ, ವಿಧಿಯಲ್ಲ, ಇಲಾಖೆಯೂ ಅಲ್ಲ. ಅಸ್ತಿತ್ವದಲ್ಲೇ ಇಲ್ಲದ ಒಂದು ಬೆಂಕಿಯುಂಡೆ.

ಅಗ್ನಿಶಾಮಕ ಠಾಣೆಯೆಂದರೆ ಬಹುಮಟ್ಟಿಗೆ ಕಾಯುವ ಕೆಲಸ. ಕೆಲವು ಠಾಣೆಗಳಲ್ಲಿ ಕೇರಂ ಆಡುತ್ತಾರೆ, ಕೆಲವು ಕಡೆ ಇಸ್ಪೀಟು. ಈ ಠಾಣೆಯಲ್ಲಿ ನಾಲ್ಕು ಜನ ಭಾನುವಾರದ ಮಧ್ಯಾಹ್ನಗಳಲ್ಲಿ ಊಟದ ಮೇಜಿನ ಸುತ್ತ ಕೂತು, ಇಪ್ಪತ್ತು ಮುಖದ ದಾಳ ಉರುಳಿಸಿ, ಬಾಯಿಮಾತಿನಲ್ಲೇ ರಾಕ್ಷಸರಿದ್ದ ಗುಹೆಗಳಲ್ಲಿ ಸಂಚರಿಸುತ್ತಿದ್ದರು. ಆಟ ನಡೆಸುವವಳು ಕಂಟ್ರೋಲ್ ರೂಮಿನ ಫೋನಕ್ಕ. ಉರಿಯುವ ಮನೆಯೊಳಗಿಂದ ಕರೆ ಮಾಡಿದವರಿಗೆ ನೆಲಕ್ಕೆ ತಗ್ಗಿ ಬಾಗಿಲ ಕಡೆ ತೆವಳಿ ಎಂದು ಹೇಳುವ ಅದೇ ದನಿಯಲ್ಲಿ ಅವಳು, ಗುಹೆಯ ಆಚೆ ತುದಿಯಲ್ಲಿ ಏನೋ ಉಸಿರಾಡುತ್ತಿದೆ ಎನ್ನುತ್ತಿದ್ದಳು. ಗಟ್ಟಿಮುಟ್ಟಾದ ಗಂಡಸರು ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು.

ಆ ಆಟದಲ್ಲಿ ಪ್ರತಿಯೊಬ್ಬನಿಗೂ ಒಂದು ಪಾತ್ರ, ಪ್ರತಿ ಪಾತ್ರಕ್ಕೂ ಒಂದು ಕಸುಬು. ಡ್ರೈವರು ಯೋಧ. ಏಣಿ ಕಳ್ಳ. ಅವನ ಕಳ್ಳ ನೆಲದ ಮೇಲೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ, ಏನಿದ್ದರೂ ಸೂರಿನಿಂದ ಸೂರಿಗೆ ನೆಗೆತ. ಠಾಣೆಯ ಅಡುಗೆಯವನು ಮಂತ್ರವಾದಿ. ಗೆದ್ದಂತೆಲ್ಲ ಪಾತ್ರ ಒಂದೊಂದು ಲೆವೆಲ್ ಮೇಲೇರುತ್ತದೆ. ಡ್ರೈವರಿನ ಯೋಧ ಎಂಟನೇ ಲೆವೆಲ್ಲಿಗೆ ಬಂದು ನಿಂತಿದ್ದ, ಅಷ್ಟೂ ಬೆವರು ಸುರಿಸಿ, ಒಂದೇ ಕಸುಬಿನಲ್ಲಿ.

ಹೀಗಿರಲು ಒಂದು ಭಾನುವಾರ ಗುಹೆಯಲ್ಲಿ ಅರವತ್ತು ತೋಳಮಾನವರು ಎದುರಾದರು. ಯೋಧ ಕತ್ತಿ ಹಿರಿದು ಅವರತ್ತ ಓಡಿದ. ಅವನು ಅರ್ಧ ದಾರಿಯಲ್ಲಿದ್ದಾಗ ಅಡುಗೆಯವನು ಕೂತಲ್ಲಿಂದಲೇ ಒಂದು ಬೆಂಕಿಯುಂಡೆ ಎಸೆದ. ದಾಳ ಇಪ್ಪತ್ತು ತೋರಿಸಿತು. ಹೊಗೆ ತಿಳಿಯಾದಾಗ ತೋಳಮಾನವರು ಯಾರೂ ಇರಲಿಲ್ಲ. ಕತ್ತಿ ಎತ್ತಿಕೊಂಡು ಓಡುತ್ತಿದ್ದ ಯೋಧ ಮಾತ್ರ ಇದ್ದ. ನಿಂತುಬಿಡಬಹುದು ಎಂದು ಫೋನಕ್ಕ ಅವನಿಗೆ ಮೆತ್ತಗೆ ಹೇಳಿದಳು. ಬೆಂಕಿ ಆರಿಸಿ ಸಂಬಳ ಪಡೆಯುವವರು ಬೆಂಕಿಯುಂಡೆ ಎಸೆದು ಕೇಕೆ ಹಾಕುವುದರಲ್ಲಿ ಏನಾದರೂ ವಿಶೇಷವಿದೆಯೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ಆ ವಾರವೆಲ್ಲ ಅಡುಗೆಯವನು ಅನ್ನ ಬಡಿಸುವಾಗ ಸೌಟನ್ನು ಒಂದು ಬಗೆಯಾಗಿ ಎತ್ತಿ ಹಿಡಿದ. ಡ್ರೈವರಿಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಅವನು ಮೇಜಿಗೆ ಬಂದವನೇ, ತನ್ನ ಯೋಧ ಇನ್ನು ಮುಂದೆ ಮಂತ್ರವಾದಿಯೂ ಹೌದು ಎಂದು ಸಾರಿದ. ಆಟದಲ್ಲಿ ಇದಕ್ಕೆ ಮಲ್ಟಿಕ್ಲಾಸ್ ಎನ್ನುತ್ತಾರೆ. ಠಾಣೆಯವರು ಜೋಡಿ ಕಸುಬು ಎನ್ನುತ್ತಿದ್ದರು, ಅದೂ ಸ್ವಲ್ಪ ಮೂಗು ಮುರಿದು. ಇಷ್ಟರಲ್ಲಿ ಅವನಿಗೆ ಬೆನ್ನ ಹಿಂದೆ ಯಾರೋ ನಿಂತಂತೆ ಅನಿಸಿತು. ಹೊಸದಾಗಿ ವರ್ಗವಾಗಿ ಬಂದಿದ್ದ ಠಾಣಾಧಿಕಾರಿ ಸಾಹೇಬರು ಕೈಗಳನ್ನು ಹಿಂದೆ ಕಟ್ಟಿಕೊಂಡು ಆಟ ನೋಡುತ್ತಿದ್ದರು.

ಅಡುಗೆಯವನ ಮೇಲಿನ ಹೊಟ್ಟೆಕಿಚ್ಚನ್ನು ಸಾಹೇಬರ ಮುಂದೆ ಹೊಟ್ಟೆಕಿಚ್ಚೆಂದು ಹೇಳಲಾಗುತ್ತದೆಯೇ. ಡ್ರೈವರು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಒಂದು ಸಣ್ಣ ಭಾಷಣ ಮಾಡಿದ. "ಒಂದೇ ಕಸುಬಿನ ಮನುಷ್ಯ ಒಂದೇ ಕಾಲಿನ ಮನುಷ್ಯ ಸಾರ್. ಆ ಕಾಲು ಜಾರಿದ್ರೆ ಮುಗೀತು. ಎರಡಿದ್ರೆ ಒಂದು ಜಾರಿದ್ರೂ ಇನ್ನೊಂದರ ಮೇಲೆ ನಿಲ್ತಾನೆ."

ಇಷ್ಟು ಒಳ್ಳೆಯ ಮಾತನ್ನು ಅವನು ಹಿಂದೆಂದೂ ಆಡಿರಲಿಲ್ಲ. ತಾನೇ ಬೆರಗಾಗಿ ಕೂತುಕೊಂಡ.

ಸಾಹೇಬರು ಫೋನಕ್ಕನನ್ನು ಕೇಳಿದರು: ಇದಕ್ಕೆ ನಿಯಮದಲ್ಲಿ ಅವಕಾಶ ಇದೆಯೇ? ಇದೆ ಸಾರ್ ಎಂದಳು ಅಕ್ಕ. ಯೋಧ ಯೋಧನಾಗಿಯೇ ಇದ್ದುಕೊಂಡು ಮಂತ್ರವನ್ನೂ ಕಲಿಯಬಹುದು, ಕಷ್ಟ ಬಂದಾಗ ಯಾವುದು ಬೇಕೋ ಅದನ್ನು ಬಳಸಬಹುದು. "ಆದ್ರೆ ಸಾರ್," ಎಂದು ಅವಳು ಮುಂದುವರಿಸುವಷ್ಟರಲ್ಲಿ ಸಾಹೇಬರ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಸಾಹೇಬರು ಹೋದರು. ಆ ವಾಕ್ಯದ ಉಳಿದ ಅರ್ಧವನ್ನು ಡ್ರೈವರು ಒಬ್ಬನೇ ಕೇಳಿಸಿಕೊಂಡ, ಅಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಉಳಿದ ಅರ್ಧ ಹೀಗಿತ್ತು. ಮಂತ್ರವಾದಿಯಾಗಿ ಏರಿದ ಪ್ರತಿ ಲೆವೆಲ್ಲೂ ಯೋಧನಾಗಿ ಏರದೆ ಹೋದ ಲೆವೆಲ್. ಒಂದು ಕಸುಬಿನ ತುತ್ತತುದಿಯಲ್ಲಿ ಸಿಗುವಂಥದ್ದು ಜೋಡಿ ಕಸುಬಿನವನಿಗೆ ಸಿಗುವುದಿಲ್ಲ, ಎರಡು ದಿಕ್ಕಿನಲ್ಲೂ. ಮೇಲಾಗಿ, ಮಂತ್ರ ಹಾಕಬೇಕಾದರೆ ಕಬ್ಬಿಣದ ಕವಚ ಬಿಚ್ಚಬೇಕು. ಅವತ್ತು ಸಂಜೆಯೇ ಡ್ರೈವರಿನ ಯೋಧ ಒಬ್ಬ ದೈತ್ಯನ ಎದುರು ಕವಚದ ಕುಣಿಕೆಗಳನ್ನು ಬಿಚ್ಚುತ್ತ ಕೂತ. ದೈತ್ಯನಿಗೆ ಮೊದಲು ಅನುಮಾನ ಬಂತು, ಆಮೇಲೆ ನಾಚಿಕೆಯಾಯಿತು, ಕೊನೆಗೆ ಎತ್ತಿ ಬಿಸಾಡಿದ ಎಂದು ಫೋನಕ್ಕ ವರದಿ ಮಾಡಿದಳು.

ಮರುದಿನ ಬೆಳಗ್ಗೆ ಸಾಹೇಬರು ಎಲ್ಲರನ್ನೂ ವಾಹನದ ಮುಂದೆ ಸಾಲಾಗಿ ನಿಲ್ಲಿಸಿದರು. ರಾತ್ರಿಯೆಲ್ಲ ಯೋಚಿಸಿದ ಮನುಷ್ಯನ ಕಣ್ಣು ಅವರದು. ಠಾಣೆಯಲ್ಲಿ ಎಲ್ಲರೂ ಒಂಟಿ ಕಾಲಿನ ಮೇಲೆ ನಿಂತಿದ್ದಾರೆ, ಇದು ಅಪಾಯ, ಇವತ್ತಿನಿಂದ ಪ್ರತಿಯೊಬ್ಬರೂ ಎರಡನೇ ಕಸುಬು ಹಿಡಿಯತಕ್ಕದ್ದು ಎಂದರು. ಡ್ರೈವರು ಏಣಿಗೆ. ಏಣಿ ಸ್ಟೇರಿಂಗಿಗೆ. ಅಡುಗೆಯವನು ಫೋನಿಗೆ. ಫೋನಕ್ಕ ಒಲೆಗೆ. ಹೀಗೆ ಹೇಳಿ ಅವರು ಡ್ರೈವರಿನ ಹೆಗಲ ಮೇಲೆ ಕೈಯಿಟ್ಟು, ಈ ವಿಚಾರ ತಮ್ಮದಲ್ಲ, ಈತನದು ಎಂದು ಎಲ್ಲರಿಗೂ ತಿಳಿಸಿದರು.

ಆಗಲೂ ಕಾಲ ಮಿಂಚಿರಲಿಲ್ಲ. ಇಲ್ಲ ಸಾರ್, ಅದು ಆಟದ ಮಾತು ಎಂದು ಅವನು ಹೇಳಬಹುದಿತ್ತು. ಆದರೆ ಅಧಿಕಾರಿಯೊಬ್ಬರ ಕೈ ಅವನ ಹೆಗಲ ಮೇಲೆ ಬಿದ್ದದ್ದು ಅದೇ ಮೊದಲು. ಕೈಯ ಭಾರಕ್ಕೆ ಬಾಯಿಂದ ಬೇರೆಯೇ ಮಾತು ಬಂತು.

"ಎಲ್ಲಾ ತಮ್ಮ ಆಶೀರ್ವಾದ ಸಾರ್."

ಅಡುಗೆಯವನು ಅವನನ್ನು ನೋಡಿದ ನೋಟವನ್ನು ಬರೆಯುವುದು ಸಭ್ಯತೆಯಲ್ಲ.

ವಾಹನದ ಕೀಲಿ ಡ್ರೈವರಿನ ಕೈಯಿಂದ ಏಣಿಯ ಕೈಗೆ ಹೋಯಿತು. ಅದೊಂದು ಸಾಧಾರಣ ಕೀಲಿ. ಆದರೆ ಆ ಸೀಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಡ್ರೈವರು ಹುಟ್ಟಿದಂದಿನಿಂದ ದಾರಿ ಬಿಟ್ಟುಕೊಟ್ಟವನು. ಟಿಕೆಟಿನ ಸಾಲಿನಲ್ಲಿ ಹಿಂದಿದ್ದವರು ಅವನಿಗಿಂತ ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಬಚ್ಚಲಿಗೆ ಅವನದು ಕೊನೆಯ ಸರದಿ. ಮದುವೆಯ ಫೋಟೋದಲ್ಲೂ ಯಾರದೋ ಭುಜ ಅವನ ಅರ್ಧ ಮುಖವನ್ನು ಮುಚ್ಚಿದೆ. ಅಂಥವನು ಆ ಕೆಂಪು ವಾಹನದ ಸೀಟಿನಲ್ಲಿ ಕೂತು ಗಂಟೆ ಬಾರಿಸಿದರೆ ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದವು, ಸಿಗ್ನಲ್ಲಿನ ಕೆಂಪು ದೀಪ ಅವನಿಗೆ ಅನ್ವಯಿಸುತ್ತಿರಲಿಲ್ಲ. ಊರು ಅವನಿಗೆ ದಾರಿ ಬಿಡುತ್ತಿದ್ದ ಜಾಗ ಅದೊಂದೇ. ಅದನ್ನು ಅವನು ಒಂದು ಬೆಂಕಿಯುಂಡೆಯ ಆಸೆಗೆ ಕಳೆದುಕೊಂಡಿದ್ದ, ಆ ಬೆಂಕಿಯುಂಡೆಯೂ ಮಂತ್ರವಾದಿಯಾಗಿ ಐದನೇ ಲೆವೆಲ್ಲಿಗೆ ಏರುವ ಮುಂಚೆ ಸಿಗುವುದಿಲ್ಲ.

ಮನೆಯಲ್ಲಿ ಅವನು ಇದನ್ನು ಬಡ್ತಿಯ ಧಾಟಿಯಲ್ಲಿ ಹೇಳಿದ. ಸಾಹೇಬರು ತನ್ನ ವಿಚಾರವನ್ನು ಒಪ್ಪಿಕೊಂಡಿದ್ದಾರೆ, ಠಾಣೆಯೇ ಬದಲಾಗಿದೆ, ತನಗೆ ಇನ್ನೂ ಎತ್ತರದ ಜವಾಬ್ದಾರಿ ಕೊಟ್ಟಿದ್ದಾರೆ. ಎಷ್ಟು ಎತ್ತರ ಎಂದು ಅತ್ತೆ ಕೇಳಿದರು. ಸುಮಾರು ನಮ್ಮ ಬಾಲ್ಕನಿಯಷ್ಟು ಎಂದ.

ಹೆಂಡತಿ ಮಾತ್ರ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ಕೀಲಿ ಯಾರ ಹತ್ರ ಇದೆ?"

"ಸದ್ಯಕ್ಕೆ ಏಣಿ ಹತ್ರ."

"ಸದ್ಯಕ್ಕೆ," ಎಂದು ಅವಳು ತಟ್ಟೆ ಒರೆಸಿದಳು. ಒರೆಸಿ ಆಗಿದ್ದ ತಟ್ಟೆ ಅದು.

ಠಾಣೆಯಲ್ಲಿ ಫೋನಕ್ಕನ ಅಡುಗೆ ಶುರುವಾಯಿತು. ಜೀವಮಾನವಿಡೀ ಬೆಂಕಿಯ ಕರೆಗಳನ್ನೇ ಕೇಳಿದವಳಿಗೆ ಒಲೆಯ ಮೇಲೆ ನಂಬಿಕೆ ಹೇಗೆ ಬಂದೀತು. ಉರಿಯನ್ನು ಮೇಣದ ಬತ್ತಿಯಷ್ಟಕ್ಕಿಂತ ಮೇಲೇರಲು ಅವಳು ಬಿಡಲೇ ಇಲ್ಲ. ಪಕ್ಕದಲ್ಲಿ ಎರಡು ಬಕೆಟ್ ಮರಳು. ಬೆಳಗ್ಗೆ ಇಟ್ಟ ಅಕ್ಕಿ ಸಂಜೆಗೆ ಅರ್ಧ ಮನಸ್ಸು ಮಾಡುತ್ತಿತ್ತು. ಎಲ್ಲರೂ ಕಡಿದು ಕಡಿದು ತಿಂದರು, ಪ್ರತಿ ತುತ್ತಿಗೂ ಒಮ್ಮೆ ಡ್ರೈವರಿನ ಕಡೆ ನೋಡಿದರು.

ಹೀಗೆ ಒಂದು ವಾರ ಕಳೆಯಿತು. ಆ ವಾರ ದೇವರ ದಯೆಯಿಂದ ಊರಿನಲ್ಲಿ ಏನೂ ಹತ್ತಿಕೊಳ್ಳಲಿಲ್ಲ. ಎಂಟನೇ ದಿನ ಡ್ರೈವರಿನ ಮನೆಯ ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ, ಒಬ್ಬ ನರ್ಸಮ್ಮನ ಅಡುಗೆಮನೆಯಲ್ಲಿ, ಬಾಣಲೆಯ ಎಣ್ಣೆ ಹೊತ್ತಿಕೊಂಡಿತು.

ಫೋನೆತ್ತಿದವನು ಅಡುಗೆಯವನು. ಕರೆ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಅಕ್ಕ ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಆದರೆ ಬಾಣಲೆ, ಎಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಅವನು ಎಲ್ಲ ಮರೆತು, ಎಣ್ಣೆ ಎಷ್ಟು ಹಾಕಿದ್ರಿ, ಅಷ್ಟೊಂದು ಯಾಕೆ ಹಾಕಿದ್ರಿ ಎಂದು ಬೈಯತೊಡಗಿದ. ಬೈದು ಮುಗಿಸಿ, ಒಲೆ ಆರಿಸಿ, ನೀರು ಮುಟ್ಟಿಸಬೇಡಿ, ಅಗಲವಾದ ಮುಚ್ಚಳ ಮುಚ್ಚಿ ಸುಮ್ಮನೆ ಆಚೆ ಹೋಗಿ ನಿಲ್ಲಿ ಎಂದು ಫೋನಿಟ್ಟ. ಆಮೇಲೆ ಕೆಲಸ ನೆನಪಾಗಿ ಗಂಟೆ ಬಾರಿಸಿದ.

ವಾಹನ ಹೊರಟಿತು. ಏಣಿ ಒಬ್ಬ ಜಾಗರೂಕ ಮನುಷ್ಯ. ಅವನು ಅದನ್ನು ಮೊದಲನೇ ಗೇರಿನಲ್ಲಿ, ತುಂಬಿದ ಹಾಲಿನ ಪಾತ್ರೆಯನ್ನು ಒಯ್ಯುವವರಂತೆ ಒಯ್ದ. ಗಂಟೆ ಮಾತ್ರ ಪ್ರಾಣ ಹೋಗುವಂತೆ ಬಡಿದುಕೊಳ್ಳುತ್ತಿತ್ತು. ಸೈಕಲ್ಲುಗಳು ದಾಟಿ ಹೋದವು. ಮಂಚವೊಂದನ್ನು ಹೊತ್ತುಕೊಂಡು ನಡೆದಿದ್ದ ಇಬ್ಬರು ಬಡಗಿಗಳು ಸ್ವಲ್ಪ ದೂರ ಜೊತೆಯಲ್ಲೇ ಬಂದು, ಬೆಂಕಿ ಎಲ್ಲಿ ಎಂದು ವಿಚಾರಿಸಿ, ತಮಗೆ ಅವಸರವಿದೆಯೆಂದು ಮುಂದೆ ಹೋದರು. ಹಿಂಬದಿಯಲ್ಲಿ ಕಬ್ಬಿಣದ ಏಣಿಗೆ ಆತುಕೊಂಡು ನಿಂತಿದ್ದ ಡ್ರೈವರು ಗಾಳಿಯಲ್ಲೇ ಗೇರು ಬದಲಾಯಿಸುತ್ತಿದ್ದ. ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿ ಒತ್ತಿ ಸೋತಿತು.

ಬೀದಿಯಲ್ಲಿ ವಾಹನವನ್ನು ತಿರುಗಿಸಿ ಎದುರು ಕಟ್ಟಡದ ಮಗ್ಗುಲಿಗೆ ನಿಲ್ಲಿಸಬೇಕಿತ್ತು. ತಿರುಗಿಸುವುದನ್ನು ಏಣಿ ಇನ್ನೂ ಕಲಿತಿರಲಿಲ್ಲ. ಹೇಗೆ ಬಂತೋ ಹಾಗೆ ನಿಲ್ಲಿಸಿದ. ಸಾಹೇಬರು ತಾವೂ ಎರಡನೇ ಕಸುಬು ಹಿಡಿಯುವುದು ನ್ಯಾಯವೆಂದು ಹಿಡಿಕೆಗಳ ಮುಂದೆ ನಿಂತರು. ಏರು ಎಂದರು. ಡ್ರೈವರು ಏರಿದ. ಸಾಹೇಬರು ಒಂದು ಹಿಡಿಕೆ ಎಳೆದರು. ಕಬ್ಬಿಣದ ಏಣಿ ಉದ್ದವಾಗುತ್ತ, ಬಾಗುತ್ತ, ನಿಧಾನವಾಗಿ ಬೀದಿಯ ತಪ್ಪು ಬದಿಗೆ ಓಲಿತು. ಹೀಗಾಗಿ ಅವನು ಅತ್ತೆಯ ಎದುರು ಬಂದು ನಿಂತದ್ದು.

ಕೊನೆಗೆ ಅವನನ್ನು ರಕ್ಷಿಸಿದವರು ಅತ್ತೆಯೇ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಅವನ ಸೊಂಟದ ಬೆಲ್ಟಿಗೆ ಕಟ್ಟಿ, ಕಣ್ಣು ತೆಗೀಬೇಡಿ ಎಂದು ಆಜ್ಞಾಪಿಸಿ, ಕಾಲರು ಹಿಡಿದು ಬಾಲ್ಕನಿಯೊಳಕ್ಕೆ ಎಳೆದುಕೊಂಡರು. ಬೀದಿ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ತರು ಇಂಥ ಹೆಂಗಸರು ಇಲಾಖೆಯಲ್ಲಿರಬೇಕು ಎಂದರು. ಅವನು ಎದ್ದು ಒಂದು ಹೆಜ್ಜೆ ಒಳಗೆ ಇಟ್ಟದ್ದೇ ಅತ್ತೆ ತಡೆದರು.

"ಬೂಟು. ಈಗ ತಾನೇ ನೆಲ ಒರೆಸಿದೀನಿ."

ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಂದೆ ಹಾದು, ಮೆಟ್ಟಿಲಿಳಿದು, ಮುಂಬಾಗಿಲಿಂದ ಬೀದಿಗೆ ಬಂದ. ಅವನು ಹೋದ ಮೇಲೆ ಅವಳು ಬಾಲ್ಕನಿಗೆ ಬಂದು, ಕೆಳಗೆ ಸ್ಟೇರಿಂಗ್ ಹಿಡಿದು ಕೂತಿದ್ದವನನ್ನು ತುಂಬ ಹೊತ್ತು ನೋಡಿದಳಂತೆ. ಇದು ಕ್ಷೌರಿಕ ಹೇಳಿದ್ದು.

ಅಷ್ಟರಲ್ಲಿ ನರ್ಸಮ್ಮ ಎದುರು ಕಟ್ಟಡದಿಂದ ಇಳಿದು ಬಂದು, ಬೆಂಕಿ ಆಗಲೇ ಆರಿ ಹೋಯಿತು, ಫೋನಿನಲ್ಲಿದ್ದ ಮಹಾನುಭಾವರು ಹೇಳಿದಂತೆ ಮುಚ್ಚಳ ಮುಚ್ಚಿದೆ, ವಾಹನದ ಗಂಟೆ ಕೇಳಿಸುವ ಮೊದಲೇ ಉರಿ ನಿಂತು ಬರೀ ಹೊಗೆ ಉಳಿದಿತ್ತು ಎಂದಳು. ಬೈದದ್ದು ಸ್ವಲ್ಪ ಜಾಸ್ತಿಯಾಯಿತು, ಆದರೂ ಮನೆ ಉಳಿಯಿತು ಎಂದು ಕೈಮುಗಿದಳು.

ಸಾಹೇಬರ ಕಣ್ಣು ತುಂಬಿ ಬಂತು. ಫೋನಿನ ಮುಂದೆ ಒಬ್ಬ ಅಡುಗೆಯವನು ಇದ್ದದ್ದರಿಂದ ಒಂದು ಕಟ್ಟಡ ಉಳಿಯಿತು. ಜೋಡಿ ಕಸುಬಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅವರು ಬರಿಗಾಲಲ್ಲಿ ಬೂಟು ಹಿಡಿದು ನಿಂತಿದ್ದ ಡ್ರೈವರಿನ ಹೆಗಲ ಮೇಲೆ ಮತ್ತೆ ಕೈಯಿಟ್ಟರು. ಈ ಸಲ ಆ ಕೈ ಕಲ್ಲಿನ ಚಪ್ಪಡಿಯಂತೆ ಅವನನ್ನು ಭೂಮಿಯೊಳಕ್ಕೆ ತಳ್ಳಿತು.

ಆ ಭಾನುವಾರ ಅವನು ಆಟಕ್ಕೆ ಕೂರಲಿಲ್ಲ. ಫೋನಕ್ಕ ಅವನ ಮುಖ ನೋಡಿದಳು, ಎದ್ದಳು, ಸಾಹೇಬರ ಕೋಣೆಗೆ ನೇರ ಹೋಗಿ, ಸಾರ್, ಅವತ್ತು ನನ್ನ ವಾಕ್ಯ ಅರ್ಧಕ್ಕೇ ನಿಂತಿತ್ತು ಎಂದಳು. ಉಳಿದ ಅರ್ಧವನ್ನು ನೆಲಕ್ಕೆ ತಗ್ಗಿ ತೆವಳಿ ಎನ್ನುವ ದನಿಯಲ್ಲಿ ಪೂರ್ತಿಯಾಗಿ ಹೇಳಿದಳು. ಕಳೆದುಕೊಳ್ಳುವ ಲೆವೆಲ್ಲುಗಳು, ಸಿಗದೆ ಹೋಗುವ ತುತ್ತತುದಿ, ಬಿಚ್ಚಬೇಕಾದ ಕವಚ. ಸಾಹೇಬರು ಗಂಭೀರವಾಗಿ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ, ವಾಕ್ಯಗಳನ್ನು ಅರ್ಧಕ್ಕೇ ಬಿಟ್ಟು ಏಳುವವರು, ಅಷ್ಟೆ. ಕೊನೆಗೆ ಅವರೊಂದು ದಾರಿ ಹೇಳಿದರು. ಯಾರನ್ನೂ ಒತ್ತಾಯ ಮಾಡುವುದಿಲ್ಲ. ಕಸುಬು ಬದಲಾಯಿಸಿಕೊಂಡ ಇಬ್ಬರೂ ಒಪ್ಪಿದರೆ ಹಳೆಯದಕ್ಕೆ ಮರಳಬಹುದು. ಒಬ್ಬರು ಒಪ್ಪದಿದ್ದರೂ ಆಗುವುದಿಲ್ಲ.

ಅಕ್ಕ ಮತ್ತು ಅಡುಗೆಯವನು ಆ ನಿಮಿಷವೇ ಒಪ್ಪಿದರು. ಅನ್ನ ಬೆಂದ ವಾಸನೆ ಬಂದಾಗ ಠಾಣೆಯಲ್ಲಿ ಒಬ್ಬಿಬ್ಬರು ಅತ್ತರು.

ಡ್ರೈವರು ಗ್ಯಾರೇಜಿಗೆ ನಡೆದ. ಏಣಿ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ಡ್ರೈವರು ಬಾಗಿಲ ಬಳಿ ನಿಂತು, ಸಾಹೇಬರು ಒಪ್ಪಿದ್ದಾರೆ, ಇಬ್ಬರೂ ಹೂಂ ಅಂದರೆ ಸಾಕು, ನೀನು ಮತ್ತೆ ನಿನ್ನ ಏಣಿಗೆ ಹೋಗಬಹುದು ಎಂದು, ದೊಡ್ಡ ಉಪಕಾರವೊಂದನ್ನು ತಂದವರ ಗತ್ತಿನಲ್ಲಿ ಹೇಳಿದ.

ಏಣಿ ಒರೆಸುವುದನ್ನು ನಿಲ್ಲಿಸಲಿಲ್ಲ. "ಕೆಲಸಕ್ಕೆ ಸೇರಿದ ದಿನದಿಂದ ಕಣ್ಣು ಮುಚ್ಕೊಂಡೇ ಹತ್ತಿದೀನಣ್ಣ. ಕೆಳಗೆ ಜನ ಚಪ್ಪಾಳೆ ತಟ್ಟೋದು ಕೇಳಿಸ್ತಿತ್ತು. ಒಂದು ಸಲವೂ ನೋಡಿಲ್ಲ."

ಡ್ರೈವರು ಈ ಮಾತಿಗೆ ತಯಾರಾಗಿ ಬಂದಿರಲಿಲ್ಲ. ಅವನು ಚೌಕಾಸಿಗೆ ಇಳಿದ. ತನ್ನ ಯೋಧ ಗೆದ್ದ ಕುದುರೆ, ಕೋಟೆ, ಮಾತಾಡುವ ಕತ್ತಿ ಎಲ್ಲ ನಿನ್ನ ಕಳ್ಳನಿಗೆ ಎಂದ. ಕಳ್ಳನಿಗೆ ಕೋಟೆ ಎಂತಕ್ಕೆ ಎಂದ ಏಣಿ. ಭಾನುವಾರಗಳು ನಿನಗೆ, ಉಳಿದ ವಾರ ನನಗೆ ಎಂದ ಡ್ರೈವರು. ಏಣಿ ತಲೆಯಾಡಿಸಿದ, ಅಡ್ಡಕ್ಕೆ.

"ಮೊನ್ನೆ ಒಂದು ಬಸ್ಸು ಪಕ್ಕಕ್ಕೆ ನಿಂತು ನನಗೆ ದಾರಿ ಬಿಡ್ತಣ್ಣ," ಎಂದ ಅವನು, ಯಾರಿಗೂ ಹೇಳದಿದ್ದುದನ್ನು ಹೇಳುವಂತೆ. "ಅಷ್ಟು ದೊಡ್ಡ ಬಸ್ಸು."

ಡ್ರೈವರಿಗೆ ಆ ಬಸ್ಸು ಯಾವುದೆಂದು ಗೊತ್ತಿತ್ತು. ಅವನು ಬಾಗಿಲಿಗೆ ಹಣೆ ಹಚ್ಚಿ ನಿಂತ. ಆಮೇಲೆ ತಲೆಯೆತ್ತಿ, ಬದುಕಿನಲ್ಲೇ ಅತಿ ದೊಡ್ಡ ಮಾತನ್ನು ಆಡಿದ.

"ಓಡಿಸೋದೂ ನಾನೇ ಮಾಡ್ತೀನಿ, ಹತ್ತೋದೂ ನಾನೇ ಮಾಡ್ತೀನಿ. ಮೂರು ಮಹಡಿ ಆಗ್ಲಿ, ಹತ್ತು ಆಗ್ಲಿ. ನೀನು ಇನ್ನು ಯಾವತ್ತೂ ಹತ್ತಬೇಡ. ಕೆಳಗೆ ನೆಲದ ಮೇಲೆ ನಿಂತ್ಕೊಂಡು ಹಿಡಿಕೆ ಎಳೆದ್ರೆ ಸಾಕು. ಸೀಟೊಂದು ಕೊಡು ತಮ್ಮ."

ಏಣಿ ಅವನನ್ನು ನೋಡಿದ. ಬಟ್ಟೆಯನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟ.

"ಇಲ್ಲಣ್ಣ. ಕೊಡಲ್ಲ," ಎಂದು ಕಿಟಕಿಯ ಗಾಜು ಏರಿಸಿಕೊಂಡ.